ಹೊಸ್ತಿಲಿಗೆ ಸುರಿದ ನೀರು

ಮುಂಬಯಿಯ ಮಾಟುಂಗದ ನಮ್ಮ ಚಾಳು ಪೂರ್ತಿ ಮರದ್ದು. ಹಡಗಿನಲ್ಲಿ ಬಂದ ಬರ್ಮಾ ತೇಗವಂತೆ. ಕಂಬ, ತೊಲೆ, ಮೆಟ್ಟಿಲು, ಗ್ಯಾಲರಿಯ ಕಟಕಟೆ, ಕೊನೆಗೆ ನಾವು ಮಲಗುವ ನೆಲವೂ ಹಲಗೆಯೇ. ಮೇಲಿನವರು ಮಗ್ಗುಲು ಬದಲಿಸಿದರೆ ಕೆಳಗಿನವರಿಗೆ ಗೊತ್ತಾಗುತ್ತದೆ. ಇಂಥ ಮನೆಯಲ್ಲಿ ಗುಟ್ಟು ಉಳಿಯುವುದಿಲ್ಲ.

ನನ್ನ ಅವ್ವ ಮದುವೆಯಾಗಿ ಧಾರವಾಡದ ಕಡೆಯ ಹಳ್ಳಿಯಿಂದ ಎರಡನೇ ಮಾಳಿಗೆಯ ಈ ಖೋಲಿಗೆ ಬಂದವಳು. ಅವಳ ತವರಿನಲ್ಲಿ ಹೊಸ್ತಿಲು ಕಲ್ಲಿನದು. ಬೆಳಗಾದರೆ ಒಂದು ತಂಬಿಗೆ ನೀರು ಸುರಿದು ತೊಳೆದು ಅರಿಸಿನ ಕುಂಕುಮ ಹಚ್ಚಬೇಕು. ಇಲ್ಲಿಯದು ಮರದ್ದೆಂದು ಅವಳು ಪದ್ಧತಿ ಬಿಡಲಿಲ್ಲ. ನಲವತ್ತು ವರ್ಷ ಸುರಿದಳು. ಆ ನೀರು ಎಲ್ಲಿಗೆ ಹೋಗುತ್ತದೆಂದು ಇಷ್ಟೆಲ್ಲ ಓದಿದ ನಾನೂ ಒಮ್ಮೆಯೂ ಕೇಳಲಿಲ್ಲ. ನನ್ನ ಜಾಣತನವೇನಿದ್ದರೂ ಬೇರೆಯವರ ಮನೆ ವಿಷಯಕ್ಕೆ.

ಈ ವರ್ಷ ರಿಪೇರಿಗೆ ಬಂದ ಬಡಗಿ ಒಂದೊಂದೇ ತೊಲೆಯನ್ನು ಸುತ್ತಿಗೆಯಿಂದ ತಟ್ಟುತ್ತ ಬಂದ. ಎಲ್ಲ ಕಡೆ ಗಟ್ಟಿ ಸದ್ದು. ನಮ್ಮ ಹೊಸ್ತಿಲ ಕೆಳಗಿನ ತೊಲೆಗೆ ಉಳಿ ಚುಚ್ಚಿದರೆ ಅದು ಹಿಡಿಯವರೆಗೆ ಇಳಿಯಿತು. ಯಾರೋ ವರ್ಷಗಟ್ಟಲೆ ನೀರು ಹಾಕಿದ್ದಾರೆ ಎಂದು ಹಿಂದಿಯಲ್ಲಿ ಹೇಳಿದ. ಯಾರೆಂದು ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವ್ವ ಒಳಗೆ ಹೋಗಿ ತಂಬಿಗೆಯನ್ನು ಡಬ್ಬಿಗಳ ಹಿಂದೆ ಬಚ್ಚಿಟ್ಟಳು.

ಆ ತೊಲೆ ಕೆಳಗಿನ ಮನೆಯ ಬಾಗಿಲ ಮೇಲೆಯೇ ಹಾದುಹೋಗುತ್ತದೆ. ಅಲ್ಲಿರುವವರು ಉಡುಪಿ ಕಡೆಯ ಹಿರಿಯ ಹೆಂಗಸು. ಅವ್ವನಿಗೆ ಅವರು ಅಕ್ಕ, ಮುಂಬಯಿಯಲ್ಲಿ ಸಿಕ್ಕ ತವರು. ಆ ಒಂದು ಸಂಬಂಧ ಕಳೆದುಹೋಗುತ್ತದೆಂದು ಅವ್ವನಿಗೆ ಎರಡು ದಿನ ಅನ್ನ ಸೇರಲಿಲ್ಲ.

"ಅಕ್ಕಾರ ತಲಿ ಮ್ಯಾಲೆ ಬಿದ್ದಿದ್ರ ಏನ್ ಗತಿ? ಯಾವ ಮಾರಿ ಇಟ್ಕೊಂಡು ಅವರ ಮನಿಗೆ ಹೋಗ್ಲಿ?"

ಮೂರನೇ ದಿನ ನಾನೇ ಕೈಹಿಡಿದು ಕರೆದುಕೊಂಡು ಹೋದೆ.

"ಅಕ್ಕಾರ, ತಪ್ಪು ನಂದರೀ. ನಿಮ್ಮ ತೊಲಿ ನಾನಽ ಕೊಳಿಸೀನಿ," ಎಂದು ಅವ್ವ ಅತ್ತೇಬಿಟ್ಟಳು.

"ನಂಗೆ ಗೊತ್ತುಂಟು ಮಾರಾಯ್ತಿ," ಎಂದರು ಅವರು. "ದಿನಾ ಬೆಳಿಗ್ಗೆ ಇಲ್ಲಿ ನಾಲ್ಕು ಹನಿ ಬೀಳ್ತದೆ. ಪಾತ್ರೆ ಇಡ್ತೇನೆ."

"ಮತ್ತ ಯಾಕ ಹೇಳಲಿಲ್ರೀ?"

"ನಿನ್ನ ಗಂಡ ಹೋದಾಗ ಹನ್ನೆರಡು ದಿನ ಹನಿ ಬೀಳ್ಲಿಲ್ಲ. ಮೇಲೆ ಬಂದ್ರೆ ನೀನು ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ದೆ. ನಾನು ದಿನಾ ಪಾತ್ರೆ ಇಟ್ಟು ಮೇಲೆ ನೋಡ್ತಾ ಕೂತ್ಕೊಳ್ತಿದ್ದೆ. ಹದಿಮೂರನೇ ದಿನ ಟಪ್ ಅಂತ ಬಿತ್ತು. ನೀನು ಎದ್ದೆ ಅಂತ ಗೊತ್ತಾಯ್ತು. ಮತ್ತೆ ಅದನ್ನು ನಿಲ್ಲಿಸು ಅಂತ ಹೇಗೆ ಹೇಳುದು?"

ಆ ಹನ್ನೆರಡು ದಿನ ಅವ್ವನ ಪಕ್ಕದಲ್ಲೇ ಇದ್ದ ನನಗೆ ಇಷ್ಟು ಕಂಡಿರಲಿಲ್ಲ.

ಹೊಸ ತೊಲೆ ಕೂತಿದೆ. ಅವ್ವ ಈಗ ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಹೊಸ್ತಿಲು ಒರೆಸುತ್ತಾಳೆ, ಕೆಳಗೆ ಒಂದು ಹನಿಯೂ ಇಳಿಯುವುದಿಲ್ಲ. ಆಮೇಲೆ ಮಂಡಿ ಹಿಡಿದುಕೊಂಡು ಒಂದು ಮಾಳಿಗೆ ಇಳಿದು, ಅಕ್ಕನ ಬಾಗಿಲ ಮುಂದೆ ನಿಂತು ಕೂಗುತ್ತಾಳೆ:

"ಎದ್ದೀನ್ರೀ, ಅಕ್ಕಾರ!"