ಬರೆದಿಡದ ತಂತಿಗಳು

ಎಂಬತ್ತರ ದಶಕದಲ್ಲಿ ಕೆಲವು ವರ್ಷ ನಾನು ಅಮೆರಿಕದ ಫಾಸ್ಟರ್ ಸಿಟಿಯಲ್ಲಿ ಮಗಳ ಮನೆಯಲ್ಲಿದ್ದೆ. ಬೆಂಗಳೂರಿನಲ್ಲಿ ತಂತಿ ಇಲಾಖೆಯ ಕೆಲಸ ಮುಗಿಸಿ, ಹೆಂಡತಿ ತೀರಿಕೊಂಡ ಮೇಲೆ ಹೋದವನು. ಮಗಳು, ಅಳಿಯ ಏಳೂವರೆಗೆ ಆಫೀಸಿಗೆ ಹೊರಟರೆ ಬರುವುದು ಸಂಜೆ ಆರಕ್ಕೆ. ನಡುವಿನ ಹೊತ್ತನ್ನು ನಾನು ಕಚೇರಿಯ ಪಾಳಿಯಂತೆ ಭಾಗ ಮಾಡಿಕೊಂಡಿದ್ದೆ. ಒಂಬತ್ತಕ್ಕೆ ಸ್ನಾನ, ಹತ್ತಕ್ಕೆ ಪತ್ರಿಕೆ, ಹನ್ನೆರಡೂವರೆಗೆ ಊಟ, ನಾಲ್ಕಕ್ಕೆ ರೇಡಿಯೋ. ಎಲ್ಲವನ್ನೂ ಒಂದು ಗೆರೆ ಪುಸ್ತಕದಲ್ಲಿ ಗಂಟೆ ನಿಮಿಷ ಹಾಕಿ ಬರೆಯುತ್ತಿದ್ದೆ. ತಂತಿ ಬಂದ ಹೊತ್ತು, ಹೋದ ಹೊತ್ತು ಬರೆದು ಬರೆದು ಅಂಟಿದ ಅಭ್ಯಾಸ. ತಪ್ಪಾದರೆ ಅಳಿಸುವ ಹಾಗಿಲ್ಲ. ತಪ್ಪು ಕಾಣುವಂತೆಯೇ ಅದರ ಮೇಲೆ ಒಂದೇ ಗೆರೆ, ಮೇಲ್ಗಡೆ ಸರಿಯಾದದ್ದು, ಪಕ್ಕದಲ್ಲಿ ಚಿಕ್ಕ ಸಹಿ. ಅದು ನಮ್ಮ ಕಚೇರಿಯ ನಿಯಮ.

ಮಗಳು, ಅಳಿಯನನ್ನು ಬಿಟ್ಟರೆ ಕನ್ನಡ ಮಾತಾಡಲು ನನಗಿದ್ದವರು ಒಬ್ಬರೇ. ಧಾರವಾಡದಲ್ಲಿ ಮಾಸ್ತರಾಗಿದ್ದವರು, ಮಗನ ಮನೆಗೆ ಬಂದಿದ್ದರು. ಬೆಳಿಗ್ಗೆ ಆರೂ ಹತ್ತಕ್ಕೆ ಇಬ್ಬರೂ ಲಗೂನ್ ಎಂಬ ಹಿನ್ನೀರಿನ ದಂಡೆಯಲ್ಲಿ ಕೂಡಿ ನಡೆಯುತ್ತಿದ್ದೆವು. ಅವರು ತಡವಾಗಿ ಬಂದರೆ ನಾನು ಗಡಿಯಾರ ನೋಡುತ್ತಿದ್ದೆ.

"ಎಷ್ಟು ನಿಮಿಷ ಲೇಟ್ ಅಂತ ಬರಕೊಳ್ರಿ ತಾರ್ ಸಾಹೇಬ್ರ," ಎನ್ನುತ್ತಿದ್ದರು. "ಮೆಮೋ ಕೊಡ್ರಿ ಬೇಕಾದ್ರ."

ಅವರ ಕಡೆ ತಂತಿಗೆ ತಾರು ಎನ್ನುತ್ತಾರೆ. ನಾನು ಅವರಿಗೆ ತಾರ್ ಸಾಹೇಬ.

ಆರೂ ನಲವತ್ತಕ್ಕೆ ಒಂದು ಅಪಾರ್ಟ್‌ಮೆಂಟಿನ ಮುಂದೆ ಹಾದುಹೋಗುತ್ತಿದ್ದೆವು. ಅಲ್ಲಿ ಮಧ್ಯವಯಸ್ಸಿನ ಒಬ್ಬ ಅಮೆರಿಕನ್ ಕಾಫಿ ಲೋಟವನ್ನು ಕಾರಿನ ನೆತ್ತಿಯ ಮೇಲಿಟ್ಟು ಬೀಗ ತೆಗೆಯುತ್ತಿದ್ದ. ನಮ್ಮನ್ನು ನೋಡಿ ಕೈ ಎತ್ತುತ್ತಿದ್ದ. ನಾವೂ ಎತ್ತುತ್ತಿದ್ದೆವು. ಅಷ್ಟೇ ಪರಿಚಯ.

ಒಂದು ಶರತ್ಕಾಲದ ಮಧ್ಯಾಹ್ನ, ಫ್ರೀವೇ ಆಚೆಗಿದ್ದ ಅವನ ಆಫೀಸಿಗೆ ಒಬ್ಬ ಬಂದೂಕು ಹಿಡಿದು ನುಗ್ಗಿ ಎದುರಿಗೆ ಸಿಕ್ಕವರನ್ನೆಲ್ಲ ಕೊಂದ. ನಾನು ರೇಡಿಯೋ ಮುಂದೆ ಕುಳಿತು ಕೇಳಿದಂತೆಯೇ ಬರೆದುಕೊಂಡೆ. ನಾಲ್ಕು ಹತ್ತಕ್ಕೆ, ಕೊಂದವರು ಇಬ್ಬರು. ನಾಲ್ಕು ನಲವತ್ತಕ್ಕೆ, ಒಬ್ಬನೇ. ಇಬ್ಬರು ಎಂಬುದರ ಮೇಲೆ ಗೆರೆ ಎಳೆದು ಒಬ್ಬ ಎಂದು ಬರೆದು ಸಹಿ ಮಾಡಿದೆ. ಸತ್ತವರಲ್ಲಿ ನಮಗೆ ಕೈ ಎತ್ತುತ್ತಿದ್ದವನೂ ಇದ್ದಾನೆಂದು ಮೂರನೆಯ ದಿನ ಪತ್ರಿಕೆಯ ಫೋಟೋದಿಂದ ತಿಳಿಯಿತು.

ಆ ಪುಟವನ್ನು ಮಾಸ್ತರರಿಗೆ ತೋರಿಸಿದವನು ನಾನೇ. ನೀಟಾಗಿ ಬರೆದಿದ್ದೇನೆ ಎಂಬ ಹೆಮ್ಮೆಯೂ ಸ್ವಲ್ಪ ಇತ್ತೇನೋ. ಅವರು ಕನ್ನಡಕ ಏರಿಸಿ ಆ ಗೆರೆಯ ಮೇಲೆ ಬೆರಳಿಟ್ಟರು.

"ಇಬ್ಬರಿದ್ದವ್ರು ಅರ್ಧಾ ತಾಸಿನ್ಯಾಗ ಒಬ್ಬ ಹೆಂಗ ಆದ್ರೀ?"

"ಮೊದಲನೇ ಸುದ್ದಿ ಹಾಗೇ ಇರತ್ತೆ ಮಾಸ್ತರೇ. ಹೆದರಿ ಓಡಿ ಬಂದವರು ಹೇಳಿದ್ದು. ಆಮೇಲೆ ತಿದ್ದುತ್ತಾರೆ."

"ತಿದ್ದಾವ್ರು ಯಾರು?"

"ಪೊಲೀಸರು. ನೀವು ಹುಡುಗರ ಪೇಪರ್ ತಿದ್ದಿಲ್ವೇ?"

"ತಿದ್ದೇನಿ. ಹುಡುಗ ಬರದದ್ದನ್ನ ಬದಲಿ ಮಾಡಿಲ್ಲ."

ಅಂದಿನಿಂದ ಅವರ ಮಾತೆಲ್ಲ ಅದೇ ಆಯಿತು. ಎರಡನೆಯವನನ್ನು ಸರ್ಕಾರ ಬಚ್ಚಿಟ್ಟಿದೆ. ಆ ಆಫೀಸಿನಲ್ಲಿ ಮಿಲಿಟರಿಯದೇನೋ ಕೆಲಸ ನಡೆಯುತ್ತಿತ್ತು. ಕೈ ಎತ್ತುವವನು ಸತ್ತಿಲ್ಲ, ಬೇರೆ ಹೆಸರು ಕೊಟ್ಟು ಎಲ್ಲಿಗೋ ಸಾಗಿಸಿದ್ದಾರೆ. ಹೀಗೆ ನಂಬುವವರು ಇವರೊಬ್ಬರೇ ಆಗಿರಲಿಲ್ಲ. ಗ್ರೋಸರಿ ಅಂಗಡಿಯ ಬಾಗಿಲಲ್ಲಿ ಯಾರೋ ಹಂಚಿದ ಸೈಕ್ಲೋಸ್ಟೈಲ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದರು. ಸತ್ತವನ ಕಾರನ್ನು ಯಾರೋ ಆಫೀಸಿನಿಂದ ತಂದು ಮನೆ ಮುಂದೆ ನಿಲ್ಲಿಸಿದ್ದರು, ಅದು ನಿಂತಲ್ಲೇ ಇತ್ತು. ಗಾಜಿನ ಮೇಲೆ ಎಲೆ ಬಿದ್ದಿದ್ದವು.

"ಹೆಣಾ ನೋಡಿದವ್ರು ಯಾರರೆ ಅದಾರೇನ್ರೀ?" ಎಂದು ಕೇಳುತ್ತಿದ್ದರು.

ನಾನು ವಾದ ಮಾಡುತ್ತಿರಲಿಲ್ಲ. ಮಾತು ಬೆಳೆದರೆ ಅವರು ಬರುವುದನ್ನು ಬಿಟ್ಟಾರು ಎಂಬ ಹೆದರಿಕೆ. ಅವರಿಲ್ಲದಿದ್ದರೆ ಸಂಜೆ ಆರರವರೆಗೆ ನನ್ನ ಬಾಯಿಂದ ಒಂದು ಕನ್ನಡ ಪದವೂ ಹೊರಡುವಂತಿರಲಿಲ್ಲ. ಹೂಂ ಎನ್ನುತ್ತಾ ನಡೆಯುತ್ತಿದ್ದೆ.

ಒಂದು ದಿನ ಅಪಾರ್ಟ್‌ಮೆಂಟಿನ ಮುಂದೆ ಅವರು ನಿಂತುಬಿಟ್ಟರು. ಒಳಗೆ ಸತ್ತವನ ಹೆಂಡತಿ ಎದ್ದಿದ್ದಳೇನೋ, ದೀಪ ಉರಿಯುತ್ತಿತ್ತು.

"ನಿಮ್ಮ ಪುಸ್ತಕ ಇವತ್ತ ಕಿಸೆದಾಗ ಅದ ಏನ್ರೀ? ಕೊಡ್ರಿ. ಆ ಹೆಣ್ಣಮಗಳನ್ನ ಕೇಳಿಬಿಡ್ತೇನಿ. ನಿನ್ನ ಗಂಡ ಎಲ್ಲಿದ್ದಾನ ಖರೇ ಹೇಳವಾ ಅಂತ. ನಿಮ್ಮ ಬರಹ ಪುರಾವೆ."

ನಾನು ಜೇಬನ್ನು ಒತ್ತಿ ಹಿಡಿದೆ. "ಬೇಡಿ ಮಾಸ್ತರೇ. ಆ ಹೆಂಗಸು ಗಂಡನ್ನ ಕಳಕೊಂಡಿದ್ದಾಳೆ."

"ಕಳಕೊಂಡಿಲ್ಲರೀ. ಅದನ್ನಽ ಹೇಳಾಕತ್ತೇನಿ." ಆಮೇಲೆ ದನಿ ತಗ್ಗಿಸಿದರು. "ಎಮರ್ಜೆನ್ಸಿ ಒಳಗ ನಮ್ಮ ತಮ್ಮನ್ನ ಕರಕೊಂಡು ಹೋದ್ರು. ಠಾಣೇಕ ಹೋಗಿ ಕೇಳಿದ್ರ ಅಂಥಾ ಮನುಷ್ಯಾ ಇಲ್ಲಽ ಇಲ್ಲ ಅಂದ್ರು. ರೇಡಿಯೋದಾಗ ನೋಡಿದ್ರ ದೇಶ ಭಾಳ ಶಾಂತ ಅದ. ಅವನ ಹೇಣ್ತಿ ದಿನಾ ಬಾಗಲಾಗ ಕೂತು ಹಾದಿ ನೋಡತಿದ್ಲು. ಐದು ತಿಂಗಳಾದ ಮ್ಯಾಲೆ ಜೇಲಿಂದ ಕಾಗದಾ ಬಂತು. ಬದುಕಿದ್ದ. ಸರಕಾರ ಇಲ್ಲ ಅಂದ ಮನುಷ್ಯಾ ಎಲ್ಲೋ ಒಂದ ಕಡೆ ಇರ್ತಾನ್ರೀ."

ಅವರು ಕೈ ಚಾಚಿದ್ದರು. ತಡೆಯಲು ನನ್ನಲ್ಲಿದ್ದದ್ದು ಒಂದೇ ಸತ್ಯ. ಅದನ್ನು ಅಲ್ಲಿಯವರೆಗೆ ಹೆಂಡತಿಗೂ ಹೇಳಿರಲಿಲ್ಲ.

"ಮಾಸ್ತರೇ, ಮುಚ್ಚಿಡೋದು ಹೇಗಿರತ್ತೆ ಅಂತ ನನಗೆ ಗೊತ್ತು. ಆಗ ನಮ್ಮ ಆಫೀಸಿಗೂ ಆರ್ಡರ್ ಬಂದಿತ್ತು. ಅರೆಸ್ಟು, ಜೈಲು ಅಂತ ಇರೋ ತಂತಿಗಳನ್ನ ಕಳಿಸದೆ ಪಕ್ಕಕ್ಕಿಡಬೇಕು ಅಂತ. ನನ್ನ ಕೈಯಾರೆ ಇಟ್ಟಿದ್ದೇನೆ. ಮುಚ್ಚಿಡೋವಾಗ ಗೆರೆ ಎಳೆದು ತಿದ್ದೋದಿಲ್ಲ. ಕಾಗದವೇ ಇರೋದಿಲ್ಲ. ಇಲ್ಲಿ ಪೊಲೀಸರು ತಪ್ಪು ಹೇಳಿ, ತಪ್ಪಾಯ್ತು ಅಂತ ಎಲ್ಲರೆದುರಿಗೂ ತಿದ್ದಿದ್ದಾರೆ. ಇದು ಅದಲ್ಲ."

ಹೇಳಿ ಮುಗಿಸಿದಾಗ, ಇದರಿಂದ ಅವರಿಗೆ ಸಮಾಧಾನವಾಗುತ್ತದೆ ಎಂದೇ ನಾನು ನಂಬಿದ್ದೆ. ಅಂಥ ಪೆದ್ದುತನ ನನ್ನದು.

ಅವರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಎಷ್ಟು ತಾರು ಇಟ್ರಿ?"

"ಗೊತ್ತಿಲ್ಲ."

"ಯಾರ್ಯಾರವು?"

"ಬರೆದಿಡಲಿಲ್ಲ."

"ನಾ ಎರಡು ಮಿನಿಟು ತಡಾ ಬಂದ್ರ ಬರೀತೀರಿ," ಎಂದರು. "ಅದನ್ನ ಬರೀಲಿಲ್ಲ."

ಅವರು ಬಾಗಿಲು ತಟ್ಟಲಿಲ್ಲ. ಪುಸ್ತಕವನ್ನೂ ಕೇಳಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಬಂದ ದಾರಿಯಲ್ಲೇ ಒಬ್ಬರೇ ಹೊರಟರು. ಇನ್ನರ್ಧ ದಾರಿ ನಾನು ಒಬ್ಬನೇ ನಡೆದೆ. ದಾರಿ ಮುಗಿಸದೆ ಮನೆಗೆ ಹೋಗುವುದು ನನಗೆ ತಿಳಿಯದು.

ಮರುದಿನ ಆರೂ ಹತ್ತಕ್ಕೆ ನಿಂತೆ. ಆರೂ ಇಪ್ಪತ್ತೈದರವರೆಗೆ ಕಾದೆ. ಅದರ ಮರುದಿನವೂ ಕಾದೆ. ಪುಸ್ತಕದಲ್ಲಿ ಆ ತಿಂಗಳ ಬೆಳಗಿನ ಸಾಲುಗಳೆಲ್ಲ ಒಂದೇ ರೀತಿ ಇವೆ. 6.10, ಯಾರೂ ಇಲ್ಲ. ನಾನು ಸುಳ್ಳು ಹೇಳಿ ತಡೆಯಬಹುದಿತ್ತು, ಕೈ ಹಿಡಿದು ಎಳೆದುಕೊಂಡು ಹೋಗಬಹುದಿತ್ತು ಎಂದು ಊಟಕ್ಕೆ ಕುಳಿತಾಗ ಅನ್ನಿಸುತ್ತಿತ್ತು. ಮಗಳು ಒಮ್ಮೆ, "ಯಾಕಪ್ಪಾ, ನಿಮ್ಮ ಫ್ರೆಂಡು ಬರ್ತಿಲ್ವಾ?" ಎಂದಳು. ಚಳಿ ಎಂದೆ. ಸಂಕ್ರಾಂತಿಯ ಹೊತ್ತಿಗೆ, ಮಗನ ಜೊತೆ ಅವರು ಒಂದು ಗಂಟೆ ದೂರದ ಮಾರ್ಗನ್ ಹಿಲ್‌ಗೆ ಮನೆ ಬದಲಿಸಿದರೆಂದು ಅಳಿಯನಿಂದ ತಿಳಿಯಿತು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಆ ಹೆಂಗಸು ಕಾರಿನ ಗಾಜು ಒರೆಸುತ್ತಿದ್ದಳು. ನಾನು ತಲೆ ತಗ್ಗಿಸಿ ದಾಟುತ್ತಿದ್ದೆ. ಅವಳೇ ಮಾತಾಡಿಸಿದಳು.

"ನಿಮ್ಮ ಜೊತೆಗಾರರು ಎಲ್ಲಿ?"

ಊರು ಬಿಟ್ಟರು ಎಂದೆ.

"ನನ್ನ ಗಂಡ ನಿಮ್ಮಿಬ್ಬರನ್ನು ನೋಡಿ ಟೈಮ್ ಹೇಳುತ್ತಿದ್ದ," ಎಂದಳು. "ಅಜ್ಜಂದಿರು ಬಂದರು, ಆರೂ ನಲವತ್ತಾಯಿತು, ಹೊರಟೆ ಅಂತ. ಆ ದಿನವೂ ಹಾಗೇ ಹೇಳಿ ಹೋದ."

ಅವಳು ಮತ್ತೆ ಗಾಜು ಒರೆಸತೊಡಗಿದಳು.

ಅಂದು ಹತ್ತು ಗಂಟೆಗೆ ಪತ್ರಿಕೆ ತೆರೆಯಲಿಲ್ಲ. ಅಳಿಯ ಬರೆದಿಟ್ಟಿದ್ದ ನಂಬರು ಹುಡುಕಿ ಮಾರ್ಗನ್ ಹಿಲ್‌ಗೆ ಫೋನ್ ಮಾಡಿದೆ. ಮಾಸ್ತರರ ಸೊಸೆ ಎತ್ತಿಕೊಂಡಳು.

"ಮಾವ ಪೂಜಾಕ್ಕ ಕೂತಾರ್ರಿ ಅಂಕಲ್. ಏನರೆ ಹೇಳಬೇಕಿತ್ತೇನ್ರಿ?"

ಅವಳು ಮಾಸ್ತರರನ್ನು ಕೇಳಿ ಬಂದು ಹಾಗೆ ಹೇಳಿದಳೋ, ನಿಜಕ್ಕೂ ಪೂಜೆಯೋ, ನಾನು ವಿಚಾರಿಸಲಿಲ್ಲ. ಹೆಂಗಸು ಹೇಳಿದ್ದನ್ನು ಚಿಕ್ಕದಾಗಿ ಹೇಳಿದೆ, ಆರೂ ನಲವತ್ತು ಎಂಬುದನ್ನು ಎರಡು ಸಲ ಹೇಳಿದೆ. ತಂತಿಯಲ್ಲಿ ಅಂಕಿಗಳನ್ನು ಎರಡು ಸಲ ಕಳಿಸುವುದು ವಾಡಿಕೆ.

"ಆತ್ರಿ, ಹೇಳತೇನಿ," ಎಂದಳು.

ಫೋನ್ ಇಟ್ಟು, ಕಳಿಸಿದ ಹೊತ್ತು ಬರೆದೆ. ತಲುಪಿದ ಹೊತ್ತಿನ ಜಾಗವನ್ನು ಖಾಲಿ ಬಿಟ್ಟೆ. ಅದು ಇವತ್ತಿಗೂ ಖಾಲಿಯೇ ಇದೆ.