ದೀಪದ ಸುತ್ತಿನ ಬಣ್ಣ

ಗದಗದ ಕಡೆಯ ಚಂದ್ರಮ್ಮ ಮದುವೆಯಾಗಿ ನಾಗಪುರಕ್ಕೆ ಬಂದು ಎಷ್ಟೋ ವರ್ಷಗಳಾಗಿದ್ದವು. ಗಂಡ ಗುರುಸಿದ್ದಪ್ಪ ರೈಲ್ವೆ ಗಾರ್ಡ್. ಮನೆ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಆದರೆ ಆ ಊರು ಅವಳ ಮನಸ್ಸಿಗೆ ಹತ್ತಿದ್ದು ೧೯೫೪ರ ಚಳಿಗಾಲದಲ್ಲಿ.

ಆ ಚಳಿಗಾಲ ಕೆಲವು ಸಂಜೆ ಮನೆಯೆದುರಿನ ರೈಲ್ವೆ ಯಾರ್ಡಿನ ದೀಪಗಳ ಸುತ್ತ ಬಣ್ಣದ ಬಳೆಗಳು ಮೂಡತೊಡಗಿದವು. ಒಳಗೆ ನೀಲಿ, ಹೊರಗೆ ಕೆಂಪು, ನಡುವೆ ಹೆಸರಿಲ್ಲದ ಎಷ್ಟೋ ಬಣ್ಣ. ಇಂಜಿನ್ನಿನ ಹೊಗೆ ಅಡ್ಡ ಹಾಯ್ದರೆ ಬಳೆಗಳೇ ತೇಲಿಹೋದಂತೆ ಕಾಣುತ್ತಿತ್ತು. ಹುಬ್ಬಿನ ಮೇಲೆ ಸಣ್ಣಗೆ ನೋಯುತ್ತಿತ್ತು. ಅದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪಕ್ಕದ ಮನೆಯ ವಿಜಯಾಬಾಯಿಯನ್ನು ಕರೆದು ತೋರಿಸಿದಳು. ಆಕೆಗೆ ದೀಪ ಬಿಟ್ಟು ಬೇರೇನೂ ಕಾಣಲಿಲ್ಲ. ಚಂದ್ರಮ್ಮನಿಗೆ ಆಕೆಯ ಮೇಲೆ ಕನಿಕರವೇ ಬಂತು.

ಗುರುಸಿದ್ದಪ್ಪನ ಕಣ್ಣನ್ನು ರೈಲ್ವೆಯವರು ಆಗಾಗ ಪರೀಕ್ಷೆ ಮಾಡುತ್ತಿದ್ದರು. ನೀನೂ ಒಮ್ಮೆ ತೋರಿಸಿಕೋ ಎಂದರೆ ಅವಳು ನಗುತ್ತಿದ್ದಳು. ಸಿಗ್ನಲ್ ನೋಡುವವರು ನೀವು, ನನಗೆ ಅಕ್ಕಿಯೊಳಗಿನ ಕಲ್ಲು ಕಂಡರೆ ಸಾಕು ಎನ್ನುತ್ತಿದ್ದಳು.

ಒಂದು ಸಂಜೆ ಅವನು ಡ್ಯೂಟಿಯಿಲ್ಲದೆ ಮನೆಯಲ್ಲಿದ್ದಾಗ ತನ್ನ ಬಳೆಗಳನ್ನು ಅವನಿಗೂ ತೋರಿಸಿದಳು. ಅವನು ಬಹಳ ಹೊತ್ತು ದೀಪವನ್ನೇ ನೋಡಿದ.

"ನನಗ ಬರೇ ದೀಪ ಕಾಣತೈತಿ, ಚಂದ್ರಾ. ನಾಳೆ ಕಣ್ಣಿನ ಡಾಕ್ಟರ್ ಕಡೆ ಹೋಗೂಣು," ಎಂದ.

ಮರುದಿನ ಸೀತಾಬರ್ಡಿಯ ಕಣ್ಣಿನ ಡಾಕ್ಟರ ಬಳಿಗೆ ಟಾಂಗಾದಲ್ಲಿ ಹೋದರು. ಗೋಡೆಯ ಮೇಲಿನ ಅಕ್ಷರಗಳನ್ನು ಅವಳು ಕೊನೆಯ ಸಾಲಿನವರೆಗೂ ತಪ್ಪಿಲ್ಲದೆ ಓದಿದಳು. ಡಾಕ್ಟರು ಅವಳಿಗೆ ಕಣ್ಣು ಮುಚ್ಚಲು ಹೇಳಿ, ರೆಪ್ಪೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದರು. ಆಮೇಲೆ, ದೀಪದ ಸುತ್ತ ಬಣ್ಣ ಕಾಣುತ್ತದೆಯೇ ಎಂದು ತಾವಾಗಿಯೇ ಮರಾಠಿಯಲ್ಲಿ ಕೇಳಿದರು. ಈ ಊರಲ್ಲಿ ತನ್ನಂತೆ ಕಂಡವರೊಬ್ಬರು ಸಿಕ್ಕರೆಂದು ಅವಳ ಮುಖ ಅರಳಿತು.

ಡಾಕ್ಟರು ನಗಲಿಲ್ಲ. ಕಣ್ಣಿನೊಳಗಿನ ನೀರು ಹರಿದುಹೋಗದೆ ಒತ್ತಡ ಏರುತ್ತಿದೆ, ಆ ಬಣ್ಣ ಅದರ ಗುರುತು ಎಂದರು. ಹೀಗೇ ಬಿಟ್ಟರೆ ನೋಟ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಅಕ್ಷರ ಓದಿದ ಮಾತ್ರಕ್ಕೆ ಕಣ್ಣು ಚೆನ್ನಾಗಿದೆ ಎನ್ನಲಾಗದು. ಮನೆತನದಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ ಎಂದೂ ಕೇಳಿದರು.

ಚಂದ್ರಮ್ಮನಿಗೆ ಅವ್ವ ನೆನಪಾದಳು. ದೇವರ ಮುಂದಿನ ದೀಪ ಬಣ್ಣದ ಸೀರೆ ಉಟ್ಟೈತಿ ಎನ್ನುತ್ತಿದ್ದ ಅವ್ವ. ಕೊನೆಕೊನೆಗೆ ಗೋಡೆ ತಡವುತ್ತ ನಡೆಯುತ್ತಿದ್ದಳು. ವಯಸ್ಸಾಯಿತು ಎಂದು ಮನೆಯವರೆಲ್ಲ ಸುಮ್ಮನಾಗಿದ್ದರು. ಅವ್ವನಿಗೆ ಆಗ ಐವತ್ತೂ ತುಂಬಿರಲಿಲ್ಲ.

"ನಮ್ಮವ್ವನ್ನ ಯಾರೂ ತೋರಿಸಲೇ ಇಲ್ರಿ," ಎಂದಳು ಗಂಡನಿಗೆ.

ಒಂದು ಕಣ್ಣಾದ ಮೇಲೆ ಇನ್ನೊಂದಕ್ಕೆ ಆಪರೇಷನ್ ಆಯಿತು. ಕಟ್ಟು ಕಟ್ಟಿಕೊಂಡು ಮಲಗಿದ್ದಾಗ ಅರೆನಿದ್ದೆಯಲ್ಲಿ ಅವ್ವ ಬಂದು ಹಾಸಿಗೆಯ ಅಂಚಿಗೆ ಕೂರುತ್ತಿದ್ದಳು. ಕಟ್ಟು ಬಿಚ್ಚಿದ ಮೇಲೆ ಯಾರ್ಡಿನ ದೀಪಗಳು ಬರೀ ದೀಪಗಳಾಗಿದ್ದವು. ಒಂದು ಸಂಜೆ ಅದಕ್ಕೆ ಅತ್ತಳು ಕೂಡ.

ಆಮೇಲೆ ಚಂದ್ರಮ್ಮ ತನ್ನ ಮಗಳು ಲೀಲಾಳನ್ನೂ ಡಾಕ್ಟರ ಬಳಿಗೆ ಕರೆದೊಯ್ದಳು. ನನಗೇನಾಗಿದೆ ಎಂದು ಮಗಳು ಮುನಿಸಿಕೊಂಡರೂ ಬಿಡಲಿಲ್ಲ. ಅವಳ ಕಣ್ಣು ಚೆನ್ನಾಗಿತ್ತು; ಆದರೂ ಆಗಾಗ ತೋರಿಸುತ್ತಿರಿ ಎಂದರು ಡಾಕ್ಟರು. ಬೇಸಿಗೆಯಲ್ಲಿ ಚಂದ್ರಮ್ಮ ಗದಗಕ್ಕೆ ಹೋಗಿ ತಂಗಿ ಕಲಾವತಿಯನ್ನೇ ಕರೆತಂದಳು. ಕಲಾವತಿಗೆ ನೋವಿರಲಿಲ್ಲ, ಬಣ್ಣ ಕಂಡಿರಲಿಲ್ಲ. ಆದರೂ ಡಾಕ್ಟರಿಗೆ ಅವಳ ಕಣ್ಣಿನಲ್ಲಿ ಅದೇ ತೊಂದರೆಯ ಮೊದಲ ಗುರುತು ಸಿಕ್ಕಿತು. ಇನ್ನೂ ಏನೂ ಹಾಳಾಗಿರಲಿಲ್ಲ.

ಅಂದು ಮನೆಗೆ ಬಂದು ಅಕ್ಕತಂಗಿಯರು ವರಾಂಡದಲ್ಲಿ ಚಾಪೆ ಹಾಸಿಕೊಂಡರು. ಕಣ್ಣಿಗೆ ಔಷಧಿ ಹಾಕಿಸಿಕೊಂಡ ಕಲಾವತಿ ರೆಪ್ಪೆ ಮುಚ್ಚಿ ಮಲಗಿದಳು. ನೀರು ಚಿಮುಕಿಸಿದ ಲಾವಂಚದ ತಟ್ಟಿಯ ತಂಪು ಗಾಳಿ ಮೈಮೇಲೆ ಹಾಯುತ್ತಿತ್ತು. ಅವ್ವ ನಮ್ಮ ಮುಖವನ್ನು ಕೊನೆಯ ಸಲ ಕಂಡದ್ದು ಯಾವಾಗ ಇದ್ದೀತು ಎಂದು ತಂಗಿ ಕೇಳಿದಳು. ಚಂದ್ರಮ್ಮ ಅವಳ ಕೂದಲಲ್ಲಿ ಬೆರಳಾಡಿಸುತ್ತ ಕುಳಿತಳು.