ನರ್ಸಮ್ಮ ಹುಡುಕಿದ ಸೋರಿಕೆ

ನರ್ಸಮ್ಮನಿಗೆ ಐವತ್ತೆಂಟು, ಅವಳ ಕಾರಿಗೆ ಮೂವತ್ತೊಂದು. ಗುಡ್ಡದ ಮೇಲಿನ ಮನೆಗಳ ಬಾಣಂತಿಯರನ್ನು ನೋಡಲು ಅವಳು ಹೋಗಿಬರುತ್ತಿದ್ದದ್ದು ಅದರಲ್ಲೇ. ಬ್ರೇಕು ಮೆತ್ತಗಾದಾಗ ರಜೆ ಹಾಕಿ, ನಾಲ್ಕೂ ಚಕ್ರ ಬಿಚ್ಚಿ, ಹಳೆಯ ರಬ್ಬರು ಕೊಳವೆಗಳನ್ನೆಲ್ಲ ತಾನೇ ಬದಲಿಸಿದಳು. ಬಸ್ ಡಿಪೋದಲ್ಲಿ ಮೇಸ್ತ್ರಿಯಾಗಿದ್ದ ಅಪ್ಪ ಕಲಿಸಿಕೊಟ್ಟ ಕೆಲಸ ಅದು.

ಮರುದಿನ ಬಾನೆಟ್ ಎತ್ತಿದರೆ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಒಂದು ಬೆರಳು ಇಳಿದಿತ್ತು. ತುಂಬಿಸಿದಳು. ಸಂಜೆಗೆ ಮತ್ತೆ ಇಳಿಯಿತು. ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ.

ಬೀದಿಯ ಕೊನೆಯ ಗ್ಯಾರೇಜಿನವನು ಬಗ್ಗಿ ನೋಡಿ, "ಅಕ್ಕಾ, ಇದಕ್ಕೆ ವಯಸ್ಸಾಯ್ತು. ಗುಜರಿಗೆ ಹಾಕ್ಬಿಡಿ," ಎಂದ.

"ವಯಸ್ಸು ನನಗೂ ಆಗಿದೆ ಕಣಪ್ಪ. ಎಲ್ಲಿ ಸೋರ್ತಿದೆ ಅಂತ ಕಂಡುಹಿಡೀದೆ ನಾನು ಬಿಡೋಳಲ್ಲ."

ಒಂದೊಂದು ಕೀಲನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿದಳು. ಚಕ್ರಗಳ ಕೆಳಗೆ ಹಳೆಯ ಪತ್ರಿಕೆ ಹಾಸಿದಳು. ದರ್ಜಿಯಾಗಿದ್ದ ಗಂಡನನ್ನು ಬ್ರೇಕ್ ತುಳಿಯಲು ಒಳಗೆ ಕೂರಿಸಿ, ಟಾರ್ಚ್ ಹಿಡಿದು ಕಾರಿನಡಿ ಅಂಗಾತ ಮಲಗಿದಳು.

"ಒತ್ತಿ ರೀ! ಇನ್ನೂ ಜೋರಾಗಿ!"

"ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಕಾಲು ಕಣೇ ಇದು. ಇನ್ನೆಷ್ಟು ಒತ್ಲಿ?"

ಪ್ರತಿ ನಟ್ಟನ್ನೂ ಬೆರಳಿನಿಂದ ಸವರಿದಳು. ಒಣಒಣ. ಚಕ್ರಗಳೊಳಗಿನ ಬ್ರೇಕ್ ಡ್ರಮ್ಮುಗಳನ್ನು ಮತ್ತೆ ಬಿಚ್ಚಿದಳು. ಅಲ್ಲೂ ಇಲ್ಲ. ಮೊಣಕೈ ತರಚಿತ್ತು, ಸೊಂಟ ಹಿಡಿದುಕೊಂಡಿತ್ತು. ಆದರೂ, "ಇನ್ನೊಂದ್ಸಲ!" ಎಂದಳು.

"ಇನ್ನೊಂದ್ಸಲ ಆಗಲ್ಲ. ಕಾಲು ಜಾರ್ತಿದೆ. ಕಾಲುಚೀಲ ಎಲ್ಲ ಒದ್ದೆ."

ನರ್ಸಮ್ಮ ದಡಬಡಿಸಿ ಎದ್ದುಬಂದು ಪೆಡಲಿನ ಕೆಳಗಿನ ಹಾಸು ಎತ್ತಿದಳು. ಅಲ್ಲಿ ಆಯಿಲ್ ಮಡುಗಟ್ಟಿತ್ತು!

"ಊರೆಲ್ಲ ಹುಡುಕಿದೆ, ಕಳ್ಳ ಮನೆಯೊಳಗೇ ಇದ್ದಾನೆ!"

ಪೆಡಲಿನ ಹಿಂದೆ, ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಅವಳು ಮುಟ್ಟಿರಲಿಲ್ಲ. ಹೊಸ ಕೊಳವೆಗಳಿಂದ ಗಾಳಿ ತೆಗೆಯುವಾಗ ಪೆಡಲನ್ನು ತಳದವರೆಗೂ ತುಳಿದಿದ್ದಳು. ವರ್ಷಗಟ್ಟಲೆ ಯಾರೂ ಅಷ್ಟು ಆಳಕ್ಕೆ ತುಳಿದಿರದ ಜಾಗದಲ್ಲಿ ತುಕ್ಕು ಕಟ್ಟಿತ್ತು. ಅದು ಸಿಲಿಂಡರಿನೊಳಗೆ ಆಯಿಲ್ ತಡೆಯುವ ಹಳೆಯ ರಬ್ಬರನ್ನು ಗೀರಿಬಿಟ್ಟಿತ್ತು.

ಹೊಸ ಸಿಲಿಂಡರ್ ತರಿಸಿ ಕೂರಿಸಿದಳು. ಡಬ್ಬಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು ಮೂರು ದಿನ ಕಾದಳು. ಆಯಿಲ್ ಗೆರೆ ಬಿಟ್ಟು ಕದಲಲಿಲ್ಲ.

ನಾಲ್ಕನೆಯ ದಿನ ಪರೀಕ್ಷೆಗೆ ಹೊರಟಾಗ ಗಂಡ ಪಕ್ಕದಲ್ಲಿ ಬಂದು ಕೂತ.

"ಇಳೀರಿ. ಮೊದಲು ನಾನೊಬ್ಳೇ ನೋಡ್ತೀನಿ."

"ನೀನು ಕಾರು ಓಡಿಸು," ಎಂದು ಅವನು ಬೆಲ್ಟ್ ಎಳೆದುಕೊಂಡ.

ಇಳಿಜಾರಿನ ಬುಡದಲ್ಲಿ ಬ್ರೇಕ್ ಒತ್ತಿದಳು. ಕಾರು ಹೇಳಿದ ಮಾತು ಕೇಳಿ ಗಕ್ಕನೆ ನಿಂತಿತು. ಅವಳು ಬಗ್ಗಿ ಹಾಸಿನಡಿ ಕೈಯಾಡಿಸಿ ನೋಡಿದಳು. ಬೆರಳಿಗೆ ಧೂಳಷ್ಟೇ ಅಂಟಿತು.